"ಸಿಸ್ಟರ್, ಮನೆಗೆ ಹೇಳ್ತೀರಾ?"

ಜ್ವರ ಕೆಮ್ಮು ಅಂತ ಬರೋ ಮಕ್ಳು ಬಾಗಿಲು ತೆಗೆದಿಟ್ಟೇ ಕೂತ್ಕೋತಾರೆ. ಬೇರೆ ವಿಷ್ಯಕ್ಕೆ ಬರೋರು ಒಳಗೆ ಕಾಲಿಟ್ಟ ತಕ್ಷಣ ಬಾಗಿಲು ಮುಂದಕ್ಕೆ ಮಾಡ್ತಾರೆ. ಮೈಸೂರಿನ ಹೊರಗಡೆ ಒಂದು ಇಂಜಿನಿಯರಿಂಗ್ ಕಾಲೇಜಿನ ಹೆಲ್ತ್ ಸೆಂಟರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದೀನಿ. ಹೆಲ್ತ್ ಸೆಂಟರ್ ಅಂದ್ರೆ ಏನೋ ದೊಡ್ಡದು ಅನ್ಕೋಬೇಡಿ, ಎರಡು ಮಂಚ, ಒಂದು ಬಿಪಿ ಮಷೀನು, ವಾರಕ್ಕೆ ಮೂರು ದಿನ ಬರೋ ಡಾಕ್ಟ್ರು, ಉಳಿದಿದ್ದಕ್ಕೆಲ್ಲ ನಾನೇ. ಬಾಗಿಲು ಮುಂದೆ ಮಾಡಿದೋರು ಏನಾಗಿದೆ ಅಂತ ಹೇಳೋಕೆ ಮುಂಚೆ ಕೇಳೋದು ಒಂದೇ ಪ್ರಶ್ನೆ. "ಸಿಸ್ಟರ್, ಮನೆಗೆ ಹೇಳ್ತೀರಾ?"

ಇದೇ ಪ್ರಶ್ನೆನ ಅಡ್ಮಿಷನ್ ಟೈಮಲ್ಲಿ ಅಪ್ಪ ಅಮ್ಮಂದಿರು ಉಲ್ಟಾ ಕೇಳ್ತಾರೆ. "ಏನೇ ಇದ್ರೂ ನಮಗೊಂದು ಫೋನ್ ಮಾಡಿ ಹೇಳ್ಬಿಡಿ ಸಿಸ್ಟರ್, ನಂಬರ್ ಬರ್ಕೊಳ್ಳಿ" ಅಂತ. ಇಬ್ರಿಗೂ ನನ್ನ ಉತ್ತರ ಒಂದೇ, ಹದಿನೆಂಟು ತುಂಬಿದ್ರೆ ಹೇಳಲ್ಲ. ಜೀವಕ್ಕೇ ಅಪಾಯ ಅಂತ ಆದ್ರೆ ಮಾತು ಬೇರೆ, ಅದನ್ನೂ ಮೊದಲೇ ಮುಖಕ್ಕೆ ಹೇಳಿಬಿಡ್ತೀನಿ.

ಯಾಕೆ ಹೇಳಲ್ಲ ಅಂದ್ರೆ, ಒಂದ್ಸಲ ಹೇಳಿದ್ದೆ, ಅದಕ್ಕೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹತ್ತೊಂಬತ್ತರ ಹುಡುಗಿ, ಪಿರಿಯಡ್ಸ್ ಹತ್ತು ದಿನ ಲೇಟ್, ನಡುಗ್ತಾ ಬಂದ್ಲು. ಯೂರಿನ್ ಕಾರ್ಡ್ ಟೆಸ್ಟ್ ಮಾಡ್ದೆ, ಒಂದೇ ಗೆರೆ ಬಂತು, ನೆಗೆಟಿವ್. ಪರೀಕ್ಷೆ ಟೆನ್ಷನ್ನಿಗೂ ಹಿಂಗಾಗುತ್ತೆ ಹೋಗಮ್ಮ ಅಂತ ಕಳಿಸ್ದೆ. ಅಲ್ಲಿಗೆ ಮುಗೀಬೇಕಿತ್ತು. ಸಂಜೆ ಟೀ ಕುಡೀತಾ ಹಾಸ್ಟೆಲ್ ವಾರ್ಡನ್ ಹತ್ರ "ಆ ಹುಡುಗಿ ಮೇಲೊಂದು ಕಣ್ಣಿಡಿ ಮೇಡಂ" ಅಂದ್ಬಿಟ್ಟೆ. ಒಳ್ಳೇದಕ್ಕೇ ಅಂದೆ ಅಂತಾನೇ ಆವಾಗ ನಾನು ನಂಬಿದ್ದೆ. ಮಾರನೇ ದಿನ ಸಂಜೆ ಹೊತ್ತಿಗೆ ಅವರಪ್ಪ ಚಿಕ್ಕಪ್ಪ ಕಾರಲ್ಲಿ ಬಂದಿದ್ರು. ಟ್ರಂಕು, ಹಾಸಿಗೆ, ನೈಲ್ ಪಾಲಿಷಲ್ಲಿ ಹೆಸರು ಬರೆದಿದ್ದ ಬಕೆಟ್ಟು ಎಲ್ಲ ಡಿಕ್ಕಿಗೆ ಹೋಯ್ತು. ಅವಳು ನನ್ನ ಕಡೆ ನೋಡ್ಲೂ ಇಲ್ಲ. ಟೆಸ್ಟ್ ನೆಗೆಟಿವ್ ಅನ್ನೋದು ಅಲ್ಲಿ ಯಾರಿಗೂ ಬೇಕಾಗಿರ್ಲಿಲ್ಲ, ಟೆಸ್ಟ್ ಮಾಡಿಸ್ಕೊಂಡ್ಲು ಅನ್ನೋದೇ ಸಾಕಾಗಿತ್ತು.

ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಒಬ್ಳೂ ಬಾಗಿಲು ಮುಂದೆ ಮಾಡ್ಕೊಂಡು ಬರ್ಲಿಲ್ಲ. ಸಮಸ್ಯೆ ನಿಂತಿತ್ತಾ? ಎಲ್ಲಿ ನಿಲ್ಲುತ್ತೆ, ಎಲ್ರೂ ಗೇಟಿನ ಎದುರು ಮೆಡಿಕಲ್ ಶಾಪಿಗೆ ಹೋಗ್ತಿದ್ರು, ಅಲ್ಲಿ ಕೌಂಟರಲ್ಲಿ ನಿಂತಿರೋ ಹುಡುಗನೇ ಡಾಕ್ಟ್ರು.

ಇನ್ನೊಂದು ಕತೆ ಹುಡುಗ್ರದ್ದು, ನಾಲ್ಕು ವರ್ಷದ ಹಿಂದಿನದ್ದು, ಇಂಟರ್ನಲ್ಸ್ ಮುಗಿದ ರಾತ್ರಿ. ಎರಡೂವರೆಗೆ ಫೋನು. ಮಾಡಿದೋನು ಹಿಂದಿನ ವರ್ಷ ಟೈಫಾಯ್ಡ್ ಆಗಿ ನನ್ನ ಹತ್ರ ಬಂದೋನು, ಹಂಗಾಗಿ ನಂಬರ್ ಇತ್ತು. "ಸಿಸ್ಟರ್, ಫ್ರೆಂಡು ಮಲಗಿದಾನೆ, ಗೊರಕೆ ಹೊಡೀತಿದಾನೆ, ಆದ್ರೆ ಗೊರಕೆ ಒಂಥರಾ ಇದೆ." ಒಂಥರಾ ಅಂದ್ರೆ ಹೆಂಗೆ ಅಂದೆ. ಫೋನ್ ಅವನ ಬಾಯಿ ಹತ್ರ ಹಿಡ್ದ. ಗೊಳಗೊಳ ಅಂತ, ಗಂಟಲಲ್ಲಿ ನೀರು ಮುಕ್ಕಳಿಸಿದ ಹಂಗೆ. ಆ ಸದ್ದು ಗೊರಕೆ ಅಲ್ಲ.

ಉಸಿರು ಎಣಿಸು ಅಂದೆ, ಎದೆ ಮೇಲೇರಿ ಇಳಿದ್ರೆ ಒಂದು, ಗಡಿಯಾರ ನೋಡ್ಕೊಂಡು ಒಂದು ನಿಮಿಷ. ಅವನು ಜೋರಾಗಿ ಎಣಿಸ್ತಾ ಹೋದ, ನಾನು ಈ ಕಡೆ ಕೇಳ್ತಾ ಕೂತಿದ್ದೆ, ಏಳಕ್ಕೆ ನಿಮಿಷ ಮುಗೀತು. ಎಂಟಕ್ಕಿಂತ ಕಮ್ಮಿ ಆದ್ರೆ, ಇಲ್ಲಾ ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡಿಗಿಂತ ಜಾಸ್ತಿ ಗ್ಯಾಪ್ ಬಂದ್ರೆ, ತುಟಿ ನೀಲಿ ಆದ್ರೆ, ಚಿವುಟಿದ್ರೂ ಏಳದೇ ಇದ್ರೆ ಅದು ನಿದ್ದೆ ಅಲ್ಲ. ಎಡಗಡೆಗೆ ಮಗ್ಗುಲು ಹೊರಳಿಸು, ಮೇಲಿನ ಕಾಲು ಮಡಚಿ ಮುಂದಕ್ಕಿಡು, ಕೈ ಕೆನ್ನೆ ಕೆಳಗಿಡು, 108ಕ್ಕೆ ಫೋನ್ ಮಾಡು ಅಂದೆ. ಅಲ್ಲಿ ಸುಮ್ನಾದ. ಹಿಂದೆ ಯಾರೋ "ಬೇಡ ಮಗಾ, ಪೊಲೀಸ್ ಬರ್ತಾರೆ" ಅಂದಿದ್ದು ನನಗೇ ಕೇಳಿಸ್ತು.

ಆಮೇಲೆ ತಿಳಿದಿದ್ದು ಏನಂದ್ರೆ ಹುಡುಗ ಹನ್ನೆರಡು ಗಂಟೆಗೇ ಬಿದ್ದಿದ್ದ. ಬೆಟ್ ಕಟ್ಟಿ ಒಂದು ಕ್ವಾರ್ಟರ್ ವಿಸ್ಕಿನ ಇಪ್ಪತ್ತು ನಿಮಿಷದಲ್ಲಿ ಎತ್ತಿದ್ದ, ಅದಕ್ಕೆ ಮುಂಚೆ ಒಂದು ಸ್ಟ್ರಾಂಗ್ ಬಿಯರ್. ಕ್ವಾರ್ಟರ್ ಅಂದ್ರೆ 180 ಎಂಎಲ್, ಆರು ಸಣ್ಣ ಪೆಗ್. 8 ಪರ್ಸೆಂಟಿನ ದೊಡ್ಡ ಬಿಯರ್ ಬಾಟ್ಲು ಬರೀ ಬಿಯರ್ ತಾನೇ ಅಂತಾರೆ, ಲೆಕ್ಕ ಹಾಕಿದ್ರೆ ಅದೊಂದರಲ್ಲೇ ನಾಲ್ಕು ಸಣ್ಣ ಪೆಗ್‌ನಷ್ಟು ಆಲ್ಕೋಹಾಲ್ ಇರುತ್ತೆ. ಒಟ್ಟು ಹತ್ತು. ಲಿವರ್ ಕರಗಿಸೋದು ಗಂಟೆಗೆ ಸುಮಾರು ಒಂದು, ನಿಂಬೆರಸ ಹಾಕಿದ್ರೂ ಅಷ್ಟೇ, ಮಜ್ಜಿಗೆ ಕುಡಿಸಿದ್ರೂ ಅಷ್ಟೇ, ತಲೆ ಮೇಲೆ ತಣ್ಣೀರು ಸುರಿದ್ರೂ ಅಷ್ಟೇ. ಇವರು ಇದೆಲ್ಲ ಮಾಡಿದ್ರು, ಪ್ರಜ್ಞೆ ಇಲ್ಲದೋನ ಬಾಯಿಗೆ ಉಪ್ಪು ನಿಂಬೆ ಹಿಂಡಿದ್ರು, ಆಮೇಲೆ ಅಂಗಾತ ಮಲಗಿಸಿ ಫ್ಯಾನ್ ಹಾಕಿ ಕಾಯ್ತಾ ಕೂತಿದ್ರು. ಹಂಗೆ ಮಲಗಿದಾಗ ವಾಂತಿ ಬಂದ್ರೆ ಅದು ಹೋಗೋದು ಶ್ವಾಸಕೋಶಕ್ಕೆ.

ಆಸ್ಪತ್ರೆಗೆ ನಾನೂ ಹೋದೆ. ಡ್ಯೂಟಿ ಡಾಕ್ಟ್ರು "ಬೇರೆ ಏನಾದ್ರೂ ತಗೊಂಡಿದಾನಾ" ಅಂತ ಕೇಳಿದ್ರು, ಮೂರು ಜನಾನೂ ನೆಲ ನೋಡ್ತಾ ನಿಂತ್ರು. ಅವರು ಎರಡನೇ ಸಲ ಕೇಳ್ದಾಗ ಟೈಫಾಯ್ಡ್ ಹುಡುಗ ಪ್ಯಾಂಟ್ ಜೇಬಿಂದ ಖಾಲಿ ಸ್ಟ್ರಿಪ್ ತೆಗೆದು ಟ್ರೇ ಮೇಲಿಟ್ಟ. ಟ್ಯಾಪೆಂಟಡಾಲ್. ನೋವಿನ ಮಾತ್ರೆ, ಚೀಟಿ ಇಲ್ದೆ ಕೊಡೋ ಹಾಗಿಲ್ಲ, ಅಫೀಮಿನ ಗುಂಪಿಗೆ ಸೇರಿದ್ದು, ಎಣ್ಣೆ ಜೊತೆ ಸೇರಿದ್ರೆ ಉಸಿರಾಟನೇ ಅದುಮಿ ಹಾಕುತ್ತೆ. ಅದಕ್ಕೆ ನಲಾಕ್ಸೋನ್ ಅಂತ ಒಂದು ಇಂಜೆಕ್ಷನ್ ಇದೆ. ಅದನ್ನ ಕೊಟ್ಟು ಸ್ವಲ್ಪ ಹೊತ್ತಿಗೆ ಉಸಿರು ಹನ್ನೆರಡಕ್ಕೆ ಬಂತು, ನಾನೇ ಎಣಿಸ್ದೆ. ಆ ಸ್ಟ್ರಿಪ್ ಜೇಬಲ್ಲೇ ಉಳಿದಿದ್ರೆ ಕತೆ ಏನಾಗ್ತಿತ್ತು ಅಂತ ಈಗ್ಲೂ ಒಂದೊಂದ್ಸಲ ಯೋಚನೆ ಬರುತ್ತೆ.

ಪೊಲೀಸ್ ಬಂದ್ರಾ? ಬಂದ್ರು, ಸುಳ್ಳು ಯಾಕೆ ಹೇಳ್ಲಿ. ಇಂಥ ಕೇಸಲ್ಲಿ ಆಸ್ಪತ್ರೆಯೋರು ಎಂಎಲ್‌ಸಿ, ಅಂದ್ರೆ ಮೆಡಿಕೋ-ಲೀಗಲ್ ಕೇಸ್ ಅಂತ ಬರೀಬಹುದು, ಬರೆದ್ರೆ ಠಾಣೆಗೆ ತಿಳಿಸ್ತಾರೆ. ಆದ್ರೆ ಎಂಎಲ್‌ಸಿ ಅಂದ್ರೆ ಎಫ್‌ಐಆರ್ ಅಲ್ಲ. ಕಾನ್‌ಸ್ಟೇಬಲ್ ಒಬ್ರು ಬಂದು ಮಾತ್ರೆ ಎಲ್ಲಿ ಸಿಕ್ತು ಅಂತ ಕೇಳಿ ಬರ್ಕೊಂಡು ಹೋದ್ರು. ಗಾಂಜಾ ವಿಷ್ಯಕ್ಕೆ ಬಂದ್ರೆ ಕಾನೂನು ಗಟ್ಟಿಯಾಗೇ ಇದೆ, 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆ ಪ್ರಕಾರ ಸೇದಿದ್ದಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲಾ 10,000 ರೂಪಾಯಿವರೆಗೆ ದಂಡ, ಎರಡೂ ಆದ್ರೂ ಆಯ್ತು. ಆದ್ರೆ ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ, ಯಾರೂ ಹೇಳ್ಕೊಡಲ್ಲ. ಚಟಕ್ಕೆ ಬಿದ್ದೋರು, ಸೇವನೆ ಇಲ್ಲಾ ಸಣ್ಣ ಪ್ರಮಾಣದ ಕೇಸಿದ್ದು, ತಾವಾಗೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಜಾಗದಲ್ಲಿ ಚಿಕಿತ್ಸೆಗೆ ಹೋಗಿ ಪೂರ್ತಿ ಮುಗಿಸಿದ್ರೆ ಅವರ ಮೇಲೆ ಕೇಸು ನಡೆಸೋ ಹಾಗಿಲ್ಲ. ಚಟ ಬಿಡಿಸೋ ಚಿಕಿತ್ಸೆನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಅಡಿ ಬರುತ್ತೆ, ಅಂದ್ರೆ ಗುಟ್ಟು ಕಾಪಾಡೋದು ಡಾಕ್ಟ್ರ ದಾಕ್ಷಿಣ್ಯ ಅಲ್ಲ, ರೋಗಿಯ ಹಕ್ಕು.

ಹುಡುಗೀರ ವಿಷ್ಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅಲ್ಲೂ ಗಡಿಯಾರ ಓಡ್ತಿರುತ್ತೆ. ಗರ್ಭ ನಿಲ್ಲದ ಹಾಗೆ ತಡೆಯೋ ಐ-ಪಿಲ್ ಥರದ ಮಾತ್ರೆ ಸಂಬಂಧ ಆಗಿ 72 ಗಂಟೆ ಒಳಗೆ ತಗೋಬೇಕು, ಬೇಗ ತಗೊಂಡಷ್ಟೂ ಒಳ್ಳೇದು, ಗರ್ಭ ನಿಂತ್ಮೇಲೆ ಅದು ಏನೂ ಮಾಡಲ್ಲ. ಎಚ್‌ಐವಿ ಭಯ ಇದ್ರೆ ಸೋಂಕು ತಡೆಯೋಕೆ ಪೆಪ್ ಅಂತ ಔಷಧಿ ಇದೆ, ಅದಕ್ಕೂ 72 ಗಂಟೆನೇ ಗಡುವು, ಶುರು ಮಾಡಿದ್ಮೇಲೆ 28 ದಿನ ತಪ್ಪದೇ ತಗೋಬೇಕು, ಎಆರ್‌ಟಿ ಸೆಂಟರ್, ಅಂದ್ರೆ ಎಚ್‌ಐವಿ ಚಿಕಿತ್ಸಾ ಕೇಂದ್ರ ಇರೋ ಸರ್ಕಾರಿ ಆಸ್ಪತ್ರೇಲಿ ಕೇಳಿ. ನಮ್ಮ ಹತ್ರ ಮಕ್ಳು ಬರೋದು ಐದನೇ ದಿನ. ಮೂರು ದಿನ ಏನ್ ಮಾಡ್ತಿದ್ರಪ್ಪಾ ಅಂದ್ರೆ, ಮನೆಗೆ ಗೊತ್ತಾಗುತ್ತೇನೋ ಅಂತ ಯೋಚ್ನೆ ಮಾಡ್ತಿದ್ವಿ ಸಿಸ್ಟರ್ ಅಂತಾರೆ.

ಗರ್ಭ ನಿಂತಿದ್ರೂ ಗುಟ್ಟಾಗಿ ಮೆಡಿಕಲ್ ಶಾಪಲ್ಲಿ ಗರ್ಭಪಾತದ ಮಾತ್ರೆ ಕಿಟ್ ತಂದು ನುಂಗಬೇಡಿ, ದಯವಿಟ್ಟು. ಗರ್ಭ ಟ್ಯೂಬಲ್ಲಿ ನಿಂತಿದ್ರೆ ಆ ಮಾತ್ರೆ ಕೆಲಸ ಮಾಡಲ್ಲ, ಟ್ಯೂಬ್ ಒಡೆದು ಒಳಗೇ ರಕ್ತ ಹೋಗುತ್ತೆ, ಅದು ಗೊತ್ತಾಗೋದು ಡಾಕ್ಟ್ರು ನೋಡಿ ಸ್ಕ್ಯಾನ್ ಮಾಡಿದ್ರೆ ಮಾತ್ರ. ಮದುವೆ ಆಗಿಲ್ಲ ಅನ್ನೋದು ಕಾನೂನಿಗೆ ಅಡ್ಡ ಬರಲ್ಲ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ "ಗಂಡ" ಅನ್ನೋ ಜಾಗಕ್ಕೆ "ಸಂಗಾತಿ" ಅಂತ ಬಂದಿದೆ. ಹದಿನೆಂಟು ದಾಟಿದ್ರೆ ಅವಳ ಒಬ್ಬಳ ಸಹಿ ಸಾಕು, ಅಪ್ಪನ ಸಹಿ ತಗೊಂಬಾ ಅಂತ ಯಾರಾದ್ರೂ ಅಂದ್ರೆ ಅದು ಅವರ ರೂಲು, ಕಾನೂನಿಂದಲ್ಲ.

ಹದಿನೆಂಟು ಆಗದೇ ಇರೋರದ್ದೇ ಕಷ್ಟ. ಫಸ್ಟ್ ಇಯರಿಗೆ ಬರೋ ಎಷ್ಟೋ ಮಕ್ಳಿಗೆ ಹದಿನೇಳು. ಅವರ ಲೈಂಗಿಕ ವಿಷ್ಯ ಗೊತ್ತಾದ್ರೆ ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ ಪ್ರಕಾರ ನಾನು ಪೊಲೀಸರಿಗೆ ತಿಳಿಸ್ಲೇಬೇಕು, ಇಬ್ರೂ ಒಪ್ಪಿದ್ವಿ ಅಂದ್ರೂ ಕಾನೂನು ಕೇಳಲ್ಲ. ಹಂಗಾಗಿ ಬಾಗಿಲು ಮುಂದೆ ಮಾಡಿದ ತಕ್ಷಣ ನಾನು ಕೇಳೋ ಮೊದಲ ಪ್ರಶ್ನೆ ವಯಸ್ಸು, ಆಮೇಲೆ ಉಳಿದದ್ದು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ಹೆಸರು ವಿಳಾಸನ ಪೊಲೀಸರಿಗೆ ಕೊಡೋ ರಿಪೋರ್ಟಲ್ಲಿ ಡಾಕ್ಟ್ರು ಬರೀಲೇಬೇಕು ಅಂತಿಲ್ಲ ಅಂತ 2022ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೊಂದು ಉಸಿರಾಡೋ ಜಾಗ. ಬಲವಂತ ಆಗಿದ್ರೆ ಮಾತ್ರ ಯಾವ ವಯಸ್ಸಾದ್ರೂ ಸೀದಾ ಆಸ್ಪತ್ರೆ, ಪ್ರೈವೇಟ್ ಆದ್ರೂ ದುಡ್ಡು ಕೇಳದೇ ಚಿಕಿತ್ಸೆ ಕೊಡ್ಲೇಬೇಕು, ಪೊಲೀಸರಿಗೂ ಅವರೇ ತಿಳಿಸ್ತಾರೆ.

ನನ್ನ ಹತ್ರ ಬರೋಕೆ ಮನಸ್ಸಿಲ್ವಾ, ಬೇಜಾರಿಲ್ಲ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಡ್ರಗ್ಸ್ ಎಣ್ಣೆ ವಿಷ್ಯಕ್ಕೆ 14446, ಎಚ್‌ಐವಿಗೆ 1097. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಅನ್ನೋ ಸಲಹೆ-ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಟೆಸ್ಟ್ ಫ್ರೀ, ನಿಮ್ಮ ಒಪ್ಪಿಗೆ ಇಲ್ದೆ ರಿಸಲ್ಟ್ ಆಚೆ ಹೇಳೋ ಹಾಗಿಲ್ಲ. ಹತ್ತೊಂಬತ್ತರವರೆಗಿನೋರಿಗೆ ಸರ್ಕಾರಿ ಆಸ್ಪತ್ರೇಲಿ ಸ್ನೇಹ ಕ್ಲಿನಿಕ್ ಇದೆ, ಜಿಲ್ಲಾ ಕೇಂದ್ರದಲ್ಲಿ ಯುವಕರಿಗೆ ಸಲಹೆ ಕೊಡೋ ಯುವ ಸ್ಪಂದನ ಇದೆ.

ಅಪ್ಪ ಅಮ್ಮಂದಿರಿಗೆ ಬೇಜಾರಾಗುತ್ತೆ ಗೊತ್ತು, ನನಗೂ ಪಿಯುಸಿ ಓದೋ ಮಗ ಇದಾನೆ. ನಿಮಗೆ ಹೇಳಿ ಅಂತ ನಾನೇ ಅವರಿಗೆ ಹೇಳ್ತೀನಿ, ಎಷ್ಟೋ ಸಲ ನನ್ನ ಟೇಬಲ್ ಎದುರೇ ಕೂತು ಫೋನ್ ಮಾಡಿದಾರೆ. ಐಸಿಯುನಲ್ಲಿದ್ದ ಆ ಹುಡುಗ ಎಚ್ಚರ ಆದ್ಮೇಲೆ ಅಮ್ಮಂಗೆ ತಾನೇ ಫೋನ್ ಮಾಡ್ದ. ಅವರು ಹೇಳಿದ್ದು ಮೊದಲು ಏನಾದ್ರೂ ತಿಂದ್ಯಾ ಅಂತ, ಬೈದಿದ್ದೆಲ್ಲ ಆಮೇಲೆ.

ಈಗ ನನ್ನ ನಂಬರ್ ಮಕ್ಳ ಫೋನಲ್ಲಿ ಓಡಾಡ್ತಿದೆ, ಯಾವ ಹೆಸರಲ್ಲಿ ಸೇವ್ ಮಾಡಿದಾರೋ ನಾನು ಕೇಳೋಕೆ ಹೋಗಿಲ್ಲ. ಹೋದ ತಿಂಗಳು ರಾತ್ರಿ ಒಂದೂವರೆಗೆ ಫೋನು, ಎದೆ ಧಸಕ್ ಅಂತು. "ಸಿಸ್ಟರ್, ಐದು ನಿಮಿಷದ ಹಿಂದೆ ನಾಯಿ ಕಚ್ತು." ಹದಿನೈದು ನಿಮಿಷ ನಲ್ಲಿ ಕೆಳಗೆ ಸೋಪ್ ಹಾಕಿ ತೊಳಿ, ಆಮೇಲೆ ಸೀದಾ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೋ ಅಂದೆ. ಅಭ್ಯಾಸಬಲ, ಕುಡಿದಿದೀರೇನೋ ಅಂತಾನೂ ಕೇಳ್ದೆ.

"ನಾನು ಸ್ವಲ್ಪ ಸಿಸ್ಟರ್. ನಾಯಿ ಇಲ್ಲ."