ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ

"ನೀರುಚಿಗಟದ ಒಳಗೆ ನೀವು ನೋಡ್ತೀರಲ್ಲ, ಅದು ಎಂತದು ಮಾರಾಯ್ರೆ? ವೈರಸ್ಸಾ, ಬ್ಯಾಕ್ಟೀರಿಯಾವಾ?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಎರಡೂ ಅಲ್ಲ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೊನೆಯ ಸಲ ಕೇಳಿದ್ದು ಉಡುಪಿಯ ಒಂದು ಮದುವೆ ಊಟದಲ್ಲಿ, ಪಕ್ಕದ ಎಲೆಯವರು. ನೀರುಚಿಗಟ ಎಂದರೆ ಸಿಗಡಿಯ ದೂರದ ನೆಂಟ, ಎಳ್ಳಿನಷ್ಟು ಗಾತ್ರ, ಮೈ ಗಾಜಿನ ಹಾಗೆ. ಅದರ ಜೀವಕೋಶದೊಳಗೆ ಬೆಳೆಯುವುದು ಮೈಕ್ರೋಸ್ಪೊರಿಡಿಯಾ ಎಂಬ ಒಂದೇ ಕೋಶದ ಪರಾವಲಂಬಿ. ಅದಕ್ಕೆ ಕೋಶಕೇಂದ್ರ ಉಂಟು, ಆದ್ದರಿಂದ ಬ್ಯಾಕ್ಟೀರಿಯಾ ಅಲ್ಲ ಎನ್ನುವಷ್ಟರಲ್ಲಿ ಸಾರು ಬಂತು. "ಅದೆಲ್ಲ ಇರಲಿ, ಎರಡರಲ್ಲಿ ಒಂದು ಹೇಳಿ" ಅಂದರು. ಎರಡರಲ್ಲೇ ಒಂದು ಯಾಕೆ? ಬಲೆಗೆ ಬಿದ್ದದ್ದನ್ನೆಲ್ಲ ಬಂಗುಡೆಯಾ ಬೂತಾಯಿಯಾ ಅಂತ ಕೇಳಿದರೆ ಏಡಿಯನ್ನು ಎಲ್ಲಿ ಹಾಕುವುದು?

ಈ ಜೀವಿಯನ್ನು ಶಾಸ್ತ್ರಜ್ಞರೂ ಹೀಗೆಯೇ ಅಲೆಸಿದ್ದಾರೆ. 1857ರಲ್ಲಿ ನೇಗೆಲಿ ಇದೇ ಬಳಗದ, ರೇಷ್ಮೆಹುಳದ ಪೆಬ್ರಿನ್ ರೋಗಾಣುವಿಗೆ ಹೆಸರಿಟ್ಟಾಗ ಅದು ಹೋಗಿ ಕೂತದ್ದು ಬ್ಯಾಕ್ಟೀರಿಯಾಗಳ ಸಾಲಿನಲ್ಲಿ. 1882ರಲ್ಲಿ ಬಾಲ್ಬಿಯಾನಿ ಮೈಕ್ರೋಸ್ಪೊರಿಡಿಯಾ ಎಂದು ಬೇರೆ ಗುಂಪು ಮಾಡಿದ. 1983ರಲ್ಲಿ ಕ್ಯಾವಲಿಯರ್-ಸ್ಮಿತ್, ಇದಕ್ಕೆ ಮೈಟೊಕಾಂಡ್ರಿಯಾ (ಕೋಶದೊಳಗೆ ಶಕ್ತಿ ತಯಾರಿಸುವ ಅಂಗ) ಇಲ್ಲ, ಹಾಗಾಗಿ ಇದು ಮೈಟೊಕಾಂಡ್ರಿಯಾ ಹುಟ್ಟುವ ಮೊದಲಿನ ಆದಿಮ ಜೀವಿ ಅಂದ. ನನಗೆ ಇವತ್ತಿಗೂ ನೋವಾಗುವುದು ಇಲ್ಲಿಯೇ. ಇಲ್ಲದ್ದನ್ನು ಕಂಡು, ಯಾವತ್ತೂ ಇರಲಿಲ್ಲ ಎಂದು ಬರೆದುಬಿಟ್ಟರು. ವಂಶವಾಹಿಗಳನ್ನು ಓದಿದ ಮೇಲೆ ಇದು ಶಿಲೀಂಧ್ರಗಳ ಬಳಗ ಎಂದು ಗೊತ್ತಾಯಿತು. 2002ರಲ್ಲಿ ಮೈಟೊಕಾಂಡ್ರಿಯಾದ ಸೊರಗಿದ ಉಳಿಕೆಯೂ ಸಿಕ್ಕಿತು, ಮೈಟೊಸೋಮ್ ಎಂದು. 2014ರಲ್ಲಂತೂ ನೀರುಚಿಗಟದ ಕರುಳಿನಲ್ಲೇ ಮೈಟೊಸ್ಪೊರಿಡಿಯಮ್ ಡಾಫ್ನಿಯೆ ಸಿಕ್ಕಿತು. ಬೀಜಕ, ಅಂದರೆ ರೋಗ ಹರಡುವ ಬೀಜದಂಥ ಕಣ, ಮೈಕ್ರೋಸ್ಪೊರಿಡಿಯಾದ್ದೇ, ಆದರೆ ಮೈಟೊಕಾಂಡ್ರಿಯಾದ ಡಿಎನ್ಎ ಇನ್ನೂ ಹಾಗೇ ಉಳಿದಿದೆ! ಬಳಗದವರೆಲ್ಲ ಮಾರಿಕೊಂಡ ಹಿರಿಯರ ಪಾತ್ರೆ ಒಬ್ಬರ ಮನೆಯ ಅಟ್ಟದಲ್ಲಿ ಸಿಕ್ಕಿದ ಹಾಗೆ.

ಬೀಜಕದ ಒಳಗನ್ನು ಒಮ್ಮೆ ನೋಡಬೇಕು. ಹೊರಗೆ ಪ್ರೋಟೀನಿನ ಪದರ, ಒಳಗೆ ಏಡಿಯ ಚಿಪ್ಪಿನಲ್ಲೂ ಇರುವ ಕೈಟಿನ್ನಿನ ಗೋಡೆ, ಅದರೊಳಗೆ ಸುರುಳಿ ಸುತ್ತಿದ ಒಂದು ನಳಿಕೆ. ಕರುಳು ಮುಟ್ಟಿದಾಗ ಒಳಗಿನ ಒತ್ತಡ ಏರುತ್ತದೆ, ಒದ್ದೆ ಅಂಗಿಯ ತೋಳು ಒಳಮಗ್ಗುಲಾಗಿ ಕಳಚಿಬರುವ ಹಾಗೆ ನಳಿಕೆ ಹೊರಕ್ಕೆ ಚಿಮ್ಮುತ್ತದೆ. ಎಲ್ಲ ಒಂದೆರಡು ಸೆಕೆಂಡಿನ ಕೆಲಸ. ನೀರುಚಿಗಟದ ಕೋಶದೊಳಕ್ಕೆ ಈ ನಳಿಕೆಯಲ್ಲೇ ಇಡೀ ಜೀವಿ ತೂರಿಹೋಗುತ್ತದೆ. ಈ ಬಳಗದಲ್ಲಿ ಓರ್ಡೊಸ್ಪೊರಾ ಕೊಲ್ಲಿಗಾಟಾ ಎಂಬುದು ಕರುಳಿನ ಕೋಶಗಳಲ್ಲಿ ಬೆಳೆದು ಮಲದ ಜೊತೆ ಹೊರಬೀಳುತ್ತದೆ. ಹ್ಯಾಮಿಲ್ಟೊಸ್ಪೊರಿಡಿಯಮ್ ಎಂಬ ಇನ್ನೊಂದು ತಾಯಿಯಿಂದ ಮೊಟ್ಟೆಗೂ ದಾಟುತ್ತದೆ.

ಇಷ್ಟು ವರ್ಷದಲ್ಲಿ ಕೇಳಬೇಕಾದ್ದನ್ನು ಕೇಳಿದವರು ಒಬ್ಬರೇ, ಕೋಟದ ಭಾವ. ಅವರದ್ದು ಸಿಗಡಿ ಹೊಂಡ. ಒಂದು ವರ್ಷ ಸಿಗಡಿ ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಪರೀಕ್ಷೆ ಮಾಡಿಸಿದರೆ ಇಎಚ್‌ಪಿ, ಎಂಟೆರೊಸೈಟೊಜೂನ್ ಹೆಪಟೊಪೀನಿಯೈ ಎಂಬ ಸಿಗಡಿ ರೋಗಾಣು, ಇದೇ ಬಳಗದ್ದು. ವೈರಸ್ಸಾ ಬ್ಯಾಕ್ಟೀರಿಯಾವಾ ಅಂತ ಅವರು ಕೇಳಲೇ ಇಲ್ಲ. "ಅದಕ್ಕೆ ಹೊಟ್ಟೆಗೆ ಎಲ್ಲಿಂದ?" ಅಂದರು.

ನಾನು ಖುಷಿಯಲ್ಲಿ ಅರ್ಧ ಗಂಟೆ ಮಾತಾಡಿದೆ. ಸಕ್ಕರೆಯನ್ನು ಒಡೆದು ಶಕ್ತಿ ಮಾಡುವ ದಾರಿಯನ್ನೂ ಇಎಚ್‌ಪಿ ಕಳೆದುಕೊಂಡಿದೆ. ಈ ಬಳಗದ ಹೊರಪೊರೆಯಲ್ಲಿ ಎಟಿಪಿಯನ್ನು (ಕೋಶ ಶಕ್ತಿಯನ್ನು ತುಂಬಿಡುವ ಅಣು) ಒಳಗೆ ಎಳೆದುಕೊಳ್ಳುವ ಪ್ರೋಟೀನುಗಳಿವೆ, ಅವು ಎಂದೋ ಬ್ಯಾಕ್ಟೀರಿಯಾದಿಂದ ಬಂದವು. ಸಿಗಡಿಯ ಕೋಶ ತನಗಾಗಿ ಮಾಡಿಟ್ಟ ಶಕ್ತಿಯನ್ನು ಅಲ್ಲೇ ಕೂತು ಹೀರುತ್ತದೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಫೀಡಿಗೆ ದುಡ್ಡು ಹಾಕಿದ್ದು ನಾನು, ಉಂಡದ್ದು ಅದು." ಆಮೇಲೆ ಬೀಜಕ ಮಣ್ಣಲ್ಲಿ ಉಳಿಯುತ್ತದಾ ಎಂದು ಕೇಳಿದರು. ಉಳಿಯುತ್ತದೆ ಅಂದೆ. ಮುಂದಿನ ಸಲ ಹೊಂಡ ಪೂರ್ತಿ ಒಣಗಿಸಿ, ಸುಟ್ಟ ಸುಣ್ಣ ಹಾಕಿ, ಮರಿಗಳನ್ನು ಪರೀಕ್ಷೆ ಮಾಡಿಸಿಯೇ ಬಿಟ್ಟರು.