‘ಡ’ದ ಹೊಟ್ಟೆ ಒಳಗೆ ಹೋದದ್ದು

18 ಅಕ್ಟೋಬರ್ 2024, ಶುಕ್ರವಾರ

ರಾಜ್ಯೋತ್ಸವಕ್ಕೆ 25 ಬಿಳಿ ಟೀ-ಶರ್ಟಿನ ಆರ್ಡರ್. ಎದೆ ಮೇಲೆ ಮಿಷಿನ್ ಎಂಬ್ರಾಯ್ಡರಿ: ಹಳದಿ ಅಕ್ಷರದಲ್ಲಿ ‘ಕನ್ನಡ’, ಸುತ್ತ ಕೆಂಪು ಅಂಚು. ಮಧ್ಯಾಹ್ನದೊಳಗೆ ಅರ್ಧ ಮುಗಿಸುತ್ತೇನೆ ಅಂದುಕೊಂಡಿದ್ದೆ.

ಮೊದಲನೆಯದನ್ನು ಫ್ರೇಮಿನಿಂದ ಬಿಚ್ಚಿದರೆ ‘ಡ’ದ ಹೊಟ್ಟೆ ಒಳಗೆ ಸೇದಿಕೊಂಡಿತ್ತು. ಎಡಕ್ಕೂ ಬಲಕ್ಕೂ, ಹಳದಿ ಕೆಂಪಿನ ಮಧ್ಯೆ, ಉಗುರಿನ ಅಂಚಿನಷ್ಟು ಬಿಳಿ ಬಟ್ಟೆ ಇಣುಕುತ್ತಿತ್ತು. ಬಾಬಿನ್ ಟೆನ್ಷನ್ (ಕೆಳಗಿನ ದಾರದ ಬಿಗಿ) ನೋಡಿದೆ, ಸರಿಯಿತ್ತು. ಬಟ್ಟೆ ಹಿಂದೆ ಕೊಡುವ ಗಟ್ಟಿ ಬಕ್ರಂ ಎರಡು ಪದರ ಹಾಕಿ ಇನ್ನೊಂದು ಹೊಡೆದೆ. ಅದೂ ಹಾಗೇ. ಎರಡು ಟೀ-ಶರ್ಟ್ ಹಾಳು.

ಆಮೇಲೆ ಡಿಸೈನ್ ಫೈಲ್ ತೆಗೆದು ನೋಡುತ್ತೇನೆ, ಮೇಲಿನ ಹೊಲಿಗೆಗೆ ಮೊದಲು ಬೀಳಬೇಕಾದ ಅಡಿ ಹೊಲಿಗೆ, ಅಂಡರ್‌ಲೇನೇ ಇಲ್ಲ! ಟೈಮ್ ಉಳಿಯಲಿ ಅಂತ ಕಳೆದ ವಾರ ನಾನೇ ಆಫ್ ಮಾಡಿದ್ದೆ. ಸುಮ್ನೆ ಬಕ್ರಂ ಬೈದೆ.

ಟೀ-ಶರ್ಟಿನದು ಹೆಣೆದ ಬಟ್ಟೆ, ಎಳೆದ ಕಡೆ ಬರುತ್ತದೆ. ಅಡ್ಡ ಹೊಲಿಗೆ ಬಿದ್ದಷ್ಟೂ ಅಡ್ಡಕ್ಕೆ ಕುಗ್ಗುತ್ತದೆ. ಹಾಗೆ ಕುಗ್ಗುವ ಮೊದಲೇ ಬಟ್ಟೆಯನ್ನು ಬಕ್ರಂಗೆ ಹಿಡಿದು ಕೂರಿಸುವುದು ಅಂಡರ್‌ಲೇ. ಬ್ಲೌಸಿಗೆ ಲೈನಿಂಗ್ ಕೂಡಿಸುವಾಗ ಕಚ್ಚಾ ಹೊಲಿಗೆ ಹಾಕ್ತೀವಲ್ವಾ, ಅದೇ ಥರ. ಇದನ್ನು ಮಾತ್ರ ಬಿಚ್ಚುವ ಹಾಗಿಲ್ಲ.

ಅಕ್ಷರದ ಒಳಗೆ ತುಂಬುವ ಹಳದಿ ಹೊಲಿಗೆ (ಫಿಲ್) ಅಡ್ಡಕ್ಕಿತ್ತು. ಹಾಗಾಗಿ ಅಂಡರ್‌ಲೇ ಉದ್ದಕ್ಕೆ, ಬಿಡಿಬಿಡಿಯಾಗಿ ಕೊಟ್ಟೆ. ಕೆಂಪು ಅಂಚು 3 ಮಿ.ಮೀ. ಸ್ಯಾಟಿನ್, ಅಂದರೆ ಈ ಬದಿಯಿಂದ ಆ ಬದಿಗೆ ಒತ್ತೊತ್ತಾಗಿ ಬೀಳುವ ಹೊಲಿಗೆ; ಅದರ ಅಡಿಗೆ ಎರಡೂ ಬದಿ ಎಡ್ಜ್ ರನ್ (ಅಂಚಿನ ಗುಂಟ ಓಡುವ ಸಾಲು), ಅರ್ಧ ಮಿ.ಮೀ. ಒಳಗೆ. ತಲೆ ತಿಂದದ್ದು ‘ನ್ನ’ದ ಒತ್ತು. ಅಲ್ಲಿ ಅಂಚು 1 ಮಿ.ಮೀ.ಗೆ ಇಳಿಯುತ್ತದೆ. ಎಡ್ಜ್ ರನ್ ಹಾಕಿದರೆ ಸ್ಯಾಟಿನ್ ಪಕ್ಕದಿಂದ ಮೂತಿ ತೋರಿಸುತ್ತದೆ. ಕೊನೆಗೆ ನಟ್ಟನಡುವೆ ಒಂದೇ ಸಾಲು ಸೆಂಟರ್ ರನ್ ಓಡಿಸಿದೆ, ಸಾಕಾಯಿತು. ಆದರೂ ‘ಡ’ದ ಹತ್ತಿರ ಕೂದಲೆಳೆಯಷ್ಟು ಸಂದು ಉಳಿದಿತ್ತು. ಪುಲ್ ಕಾಂಪೆನ್ಸೇಶನ್ (ಕುಗ್ಗುವುದಕ್ಕೆ ಅಂತ ಆಕಾರವನ್ನು ಮೊದಲೇ ಅಗಲ ಮಾಡುವುದು) 0.2 ಇದ್ದದ್ದನ್ನು 0.3 ಮಿ.ಮೀ. ಮಾಡಿದ ಮೇಲೆ ಮುಚ್ಚಿತು.

ಹೊಲಿಗೆ 6,200 ಇದ್ದದ್ದು 7,400 ಆಯಿತು. ನಮ್ಮ ಮಿಷಿನ್ ನಿಮಿಷಕ್ಕೆ 700 ಹೊಡೆಯುತ್ತದೆ. ಒಂದು ಟೀ-ಶರ್ಟಿಗೆ ಎರಡು ನಿಮಿಷವೂ ಜಾಸ್ತಿ ಆಗಲ್ಲ. ಇಷ್ಟಕ್ಕೆ ಜುಗ್ಗತನ ಮಾಡಿದ್ದೆ!

ದಾರ ಕತ್ತರಿಸುವ ಹುಡುಗಿ ಹೊಸದನ್ನು ಕಿಟಕಿ ಬೆಳಕಿಗೆ ಹಿಡಿದು, “ಅಕ್ಕಾ, ‘ಡ’ ಈಗ ಊಟ ಮಾಡಿದೆ ನೋಡಿ” ಅಂದಳು. ಕೆಟ್ಟವೆರಡರಲ್ಲಿ ಒಂದನ್ನು ತಮ್ಮನಿಗೆ ಅಂತ ಕೇಳಿಕೊಂಡು ಹೋದಳು. ನಾಳೆ ಅದೇ ಬಿಳಿಯ ಎರಡು ಮೀಡಿಯಂ ಸೈಜ್ ಹುಡುಕಬೇಕು.