ಕ್ಯಾಶ್ ಡ್ರೈವ್ ಬಿಚ್ಚುವ ಮೊದಲು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮನೆಗಳಿಗೆ ಮತ್ತು ಸಣ್ಣ ಸ್ಟುಡಿಯೋಗಳಿಗೆ ಸರ್ವರ್ ಜೋಡಿಸಿಕೊಡುವುದು ನನ್ನ ಕೆಲಸ. ಹಳೆಯ ಯಂತ್ರವನ್ನು ಮೇಲ್ದರ್ಜೆಗೆ ಏರಿಸುವಾಗ ಎಲ್ಲರೂ ಹೊಸ ಮದರ್‌ಬೋರ್ಡ್ ಬಗ್ಗೆ ಕೇಳುತ್ತಾರೆ. ನಾನು ಹಾಕಿಕೊಡುವ ಸರ್ವರ್ ಕಾರ್ಯಾಚರಣ ವ್ಯವಸ್ಥೆ ಅನ್‌ರೇಡ್‌ನಲ್ಲಿ ಅದು ಸುಲಭದ ಭಾಗ: ಡ್ರೈವ್‌ಗಳನ್ನು ಅದು ಸೀರಿಯಲ್ ಸಂಖ್ಯೆಯಿಂದ ಗುರುತಿಸುತ್ತದೆ, ಕೇಬಲ್ ಬೇರೆ ಪೋರ್ಟ್‌ಗೆ ಹೋದರೂ ಚಿಂತೆಯಿಲ್ಲ. ಕಷ್ಟವಿರುವುದು ಕ್ಯಾಶ್ ಪೂಲ್, ಅಂದರೆ ಕ್ಯಾಶ್‌ಗೆಂದು ಇಟ್ಟ ಎಸ್‌ಎಸ್‌ಡಿಗಳ ಗುಂಪನ್ನು ಬದಲಾಯಿಸುವುದರಲ್ಲಿ.

ಮಲೆನಾಡಿನವರಿಗೆ ಕ್ಯಾಶ್ ಎಂದರೇನೆಂದು ಹೇಳುವುದು ಕಷ್ಟವಲ್ಲ. ಕೊಯ್ದ ಅಡಿಕೆ ಮೊದಲು ಅಂಗಳಕ್ಕೆ ಬರುತ್ತದೆ, ಅಟ್ಟಕ್ಕೆ ಏರುವುದು ಆಮೇಲೆ. ಹೊಸ ಫೈಲ್‌ಗಳು ವೇಗದ ಎಸ್‌ಎಸ್‌ಡಿಗೆ ಬರುತ್ತವೆ, ಮೂವರ್ ಎಂಬ ಅನ್‌ರೇಡ್‌ನ ಸಾಧನ ಅವುಗಳನ್ನು ನಿಗದಿತ ಸಮಯಕ್ಕೆ ಹಾರ್ಡ್ ಡಿಸ್ಕ್‌ಗಳ ಗುಂಪಾದ ಅರೇಗೆ ಸಾಗಿಸುತ್ತದೆ. ಆದರೆ ಆ್ಯಪ್‌ಡೇಟಾ, ಸಿಸ್ಟಂ, ಡೊಮೇನ್ಸ್ ಎಂಬ ಮೂರು ಫೋಲ್ಡರ್‌ಗಳು ಸಾಮಾನ್ಯವಾಗಿ ಎಸ್‌ಎಸ್‌ಡಿಯಲ್ಲಿಯೇ ಉಳಿದಿರುತ್ತವೆ. ಫೋಟೋ ಆ್ಯಪ್‌ನ ಡೇಟಾಬೇಸ್, ಎಲ್ಲ ಸೆಟ್ಟಿಂಗ್, ವರ್ಚುವಲ್ ಯಂತ್ರಗಳ ಡಿಸ್ಕ್ ಎಲ್ಲವೂ ಅಲ್ಲಿಯೇ.

ತೀರ್ಥಹಳ್ಳಿಯ ಮದುವೆ ಛಾಯಾಗ್ರಾಹಕರೊಬ್ಬರು ಕೇಳಿದ್ದರು: "ಎರಡು ಡ್ರೈವ್ ಬದಲಾಯಿಸಿದರೆ ಮುಗಿಯಿತಲ್ಲವೇ ಸರ್?" ಮುಗಿಯುವುದಿಲ್ಲ. ಎಸ್‌ಎಸ್‌ಡಿಯಲ್ಲಿರುವುದನ್ನು ಅರೇಗೆ ಸಾಗಿಸಿ, ಡ್ರೈವ್ ಬದಲಾಯಿಸಿ, ಮತ್ತೆ ಹಿಂದಕ್ಕೆ ತರಬೇಕು. ಅದಕ್ಕೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳನ್ನು ನಡೆಸುವ ಡಾಕರ್ ಮತ್ತು ವರ್ಚುವಲ್ ಯಂತ್ರಗಳನ್ನು ನಡೆಸುವ ವಿಎಂ ಸೇವೆಗಳನ್ನೇ ನಿಲ್ಲಿಸಬೇಕು. ಒಂದೊಂದು ಕಂಟೇನರ್ (ಡಾಕರ್‌ನೊಳಗೆ ಓಡುವ ಆ್ಯಪ್) ನಿಲ್ಲಿಸಿದರೆ ಸಾಲದು, ಏಕೆಂದರೆ ಸೇವೆ ಚಾಲೂ ಇರುವವರೆಗೆ ಡಾಕರ್ ಇಮೇಜ್ ಫೈಲ್ ತೆರೆದೇ ಇರುತ್ತದೆ, ತೆರೆದ ಫೈಲನ್ನು ಮೂವರ್ ಮುಟ್ಟುವುದಿಲ್ಲ. ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ನಕಲು ಮಾಡಿದರೂ ಆ ನಕಲನ್ನು ನಂಬುವಂತಿಲ್ಲ.

ಸೇವೆಗಳು ನಿಂತ ಮೇಲೆ ಆ್ಯಪ್‌ಡೇಟಾದ ಒಂದು ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆಯುತ್ತೇನೆ. ಇದನ್ನು ಬಿಟ್ಟುಬಿಡಿ ಎಂದು ಯಾರು ಹೇಳಿದರೂ ನಾನು ಕೇಳುವುದಿಲ್ಲ. ಹಳೆಯ ಎಸ್‌ಎಸ್‌ಡಿಯೇ ಬ್ಯಾಕಪ್ ಆಗಿ ಉಳಿಯುತ್ತದೆ ಎಂದು ಹಲವರು ನಂಬಿರುತ್ತಾರೆ. ಮೂವರ್ ಫೈಲ್ ಸಾಗಿಸಿದ ಮೇಲೆ ಮೂಲದಲ್ಲಿ ಅಳಿಸಿಹಾಕುತ್ತದೆ, ಬಿಚ್ಚುವ ಹೊತ್ತಿಗೆ ಆ ಎಸ್‌ಎಸ್‌ಡಿ ಖಾಲಿ. ಎರಡು ಡ್ರೈವ್‌ಗಳಲ್ಲಿ ಒಂದೇ ಡೇಟಾ ಇಡುವ, ಕನ್ನಡಿ ಪ್ರತಿಯ ಪೂಲ್ ಕೂಡ ಬ್ಯಾಕಪ್ ಅಲ್ಲ: ಒಂದರಲ್ಲಿ ಅಳಿದದ್ದು ಎರಡರಲ್ಲಿಯೂ ಅಳಿಯುತ್ತದೆ.

ಮೂವರ್‌ನ ದಿಕ್ಕನ್ನು 2023ರಲ್ಲಿ ಬಂದ ಅನ್‌ರೇಡ್ 6.12ನೆಯ ಆವೃತ್ತಿಯಿಂದ ಈಚೆಗೆ ಪ್ರತಿ ಷೇರ್‌ನಲ್ಲಿಯೂ (ಆ್ಯಪ್‌ಡೇಟಾದಂಥ ಫೋಲ್ಡರ್‌ಗೆ ಅನ್‌ರೇಡ್‌ನ ಹೆಸರು) ಸ್ಪಷ್ಟವಾಗಿ ಹೇಳಬಹುದು. ಎರಡನೆಯ ಸಂಗ್ರಹದ ಜಾಗದಲ್ಲಿ ಅರೇ ಆಯ್ಕೆಯಾಗಿರಬೇಕು. ಅಲ್ಲಿ ಏನೂ ಇಲ್ಲದಿದ್ದರೆ ಮೂವರ್ ಆ ಷೇರ್‌ನ ಕಡೆ ತಿರುಗಿಯೂ ನೋಡುವುದಿಲ್ಲ. ಸಾವಿರಾರು ಸಣ್ಣ ಫೈಲ್‌ಗಳು, ಜೊತೆಗೆ ಪ್ರತಿ ಬರವಣಿಗೆಗೂ ಪ್ಯಾರಿಟಿ ಲೆಕ್ಕ, ಅಂದರೆ ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಕಟ್ಟಲು ಬೇಕಾದ ಲೆಕ್ಕ. ನಿಧಾನವಾಗುವುದು ಸಹಜ, ಅವಸರ ಮಾಡಿ ನಡುವೆ ನಿಲ್ಲಿಸಬಾರದು. ಮುಗಿದ ಮೇಲೂ ಕ್ಯಾಶ್‌ನಲ್ಲಿ ಏನಾದರೂ ಉಳಿದಿದ್ದರೆ ಅದೇ ಹೆಸರಿನ ಫೈಲ್ ಅರೇಯಲ್ಲಿಯೂ ಇದೆಯೇ ಎಂದು ನೋಡುತ್ತೇನೆ. ಎರಡೂ ಕಡೆ ಇರುವುದನ್ನು ಮೂವರ್ ಬಿಟ್ಟುಬಿಡುತ್ತದೆ, ಯಾವುದು ಹೊಸದು ಎಂದು ನಾವೇ ತೀರ್ಮಾನಿಸಬೇಕು. ಹಾಗೆ ಕೈಯಾರೆ ಸಾಗಿಸುವಾಗ ಯೂಸರ್ ಷೇರ್‌ನ (ಎಲ್ಲ ಡಿಸ್ಕ್‌ಗಳನ್ನು ಸೇರಿಸಿ ತೋರಿಸುವ) ದಾರಿಯನ್ನೂ ಒಂದೇ ಡಿಸ್ಕ್‌ನ ದಾರಿಯನ್ನೂ ಒಂದೇ ಆಜ್ಞೆಯಲ್ಲಿ ಬೆರೆಸಬಾರದು. ಒಂದೇ ಫೈಲ್ ತನ್ನ ಮೇಲೆಯೇ ಬರೆದುಕೊಂಡು ಸೊನ್ನೆ ಗಾತ್ರಕ್ಕೆ ಇಳಿಯಬಹುದು.

ಹೊಸ ಪೂಲ್‌ಗೆ ಹಳೆಯ ಹೆಸರನ್ನೇ ಇಡುತ್ತೇನೆ, ಇಲ್ಲವಾದರೆ ಷೇರ್‌ಗಳನ್ನೂ ಕಂಟೇನರ್‌ಗಳ ದಾರಿಗಳನ್ನೂ ತಿದ್ದಬೇಕಾಗುತ್ತದೆ. ಎರಡು ಡ್ರೈವ್‌ಗಳ ಗಾತ್ರ ಒಂದೇ ಇರಲಿ: 500 ಜಿಬಿ ಮತ್ತು 1 ಟಿಬಿ ಸೇರಿಸಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಕನ್ನಡಿ ಮಾಡಿದರೆ ಬಳಸಲು ಸಿಗುವುದು 500 ಜಿಬಿ ಮಾತ್ರ. ಝಡ್‌ಎಫ್‌ಎಸ್‌ನಲ್ಲಿಯೂ ಅಷ್ಟೇ. ಇನ್ನೊಂದು ಫೈಲ್ ವ್ಯವಸ್ಥೆಯಾದ ಎಕ್ಸ್‌ಎಫ್‌ಎಸ್ ಒಂಟಿ ಡ್ರೈವ್‌ನ ಪೂಲ್‌ಗೆ ಮಾತ್ರ.

ಮಳೆಗಾಲದಲ್ಲಿ ಈ ಕೆಲಸ ಹಿಡಿದರೆ ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಎಂದು ಮುಂಚಿತವಾಗಿ ಪರೀಕ್ಷಿಸುತ್ತೇನೆ. ತೀರ್ಥಹಳ್ಳಿಯ ಸುತ್ತ ಗಾಳಿಮಳೆಗೆ ತಂತಿಯ ಮೇಲೆ ಕೊಂಬೆ ಬಿದ್ದರೆ ವಿದ್ಯುತ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ಆರುವಂತೆ ಯುಪಿಎಸ್‌ನಿಂದ ಅದಕ್ಕೆ ಯುಎಸ್‌ಬಿ ಕೇಬಲ್ ಜೋಡಿಸಿರಬೇಕು.

ಕೊನೆಗೆ ದಿಕ್ಕು ತಿರುಗಿಸಿ ಫೈಲ್‌ಗಳನ್ನು ಹೊಸ ಪೂಲ್‌ಗೆ ತರುತ್ತೇನೆ, ಅರೇಯಲ್ಲಿ ಏನೂ ಉಳಿದಿಲ್ಲವೆಂದು ನೋಡಿ ಡಾಕರ್ ಚಾಲೂ ಮಾಡುತ್ತೇನೆ. ಆ ಛಾಯಾಗ್ರಾಹಕರು ತಮ್ಮ ಆಲ್ಬಂಗಳನ್ನು ತೆರೆದು, ಹುಡುಕಿ, ಹೊಸ ಚಿತ್ರಗಳನ್ನು ಏರಿಸಿ ನೋಡುವವರೆಗೆ ಹೊರಗಿನ ಡಿಸ್ಕ್‌ನ ಪ್ರತಿಯನ್ನು ಅಳಿಸಲು ನಾನು ಬಿಡಲಿಲ್ಲ.